ಕೋಶಗಳಿಲ್ಲದ ಕೊಳವೆ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಅನುಮಾನದಕ್ಕ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವಳೂ ಓಗೊಡುತ್ತಿದ್ದಳು. ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವವಳು, ಬೇರೆಯವರು ಅಂಟಿಸಿದ ಲೇಬಲ್ಲನ್ನು ಉಗುರಿನಿಂದ ಎಬ್ಬಿಸಿ ಕೆಳಗೆ ಇನ್ನೊಂದಿದೆಯೇ ಎಂದು ಹುಡುಕುವವಳು. ಇಪ್ಪತ್ತೆರಡು ವರ್ಷ ಕಿಟಕಿ ಪಕ್ಕದ ಅದೇ ಮೇಜಿನಲ್ಲಿ ಕೂತು, ರಕ್ತದಿಂದ ಕೋಶಗಳನ್ನು ಬೇರೆ ಮಾಡಿ, ಹಸುಗೂಸಿನಂತೆ ಸಾಕಿದ ಕೈ ಅವಳದು.

ಆ ವರ್ಷ ಅವರ ಮುಂದೆ ಬಂದದ್ದು ಸಕ್ಕರೆಯ ಪ್ರಶ್ನೆ. ಮೈಯಲ್ಲಿ ಕಾವಲು ಕಾಯುವ ಕೋಶಗಳಿವೆ. ಕ್ಯಾನ್ಸರ್ ಗಡ್ಡೆಯ ಪ್ರೋಟೀನು ಸಿಕ್ಕರೆ ನುಂಗುತ್ತವೆ, ಹೊಟ್ಟೆಯೊಳಗೆ ತುಂಡು ಮಾಡುತ್ತವೆ, ಒಂದೊಂದು ತುಂಡನ್ನು ಅಂಗೈಯಲ್ಲಿಟ್ಟಂತೆ ಹೊರಗೆ ಎತ್ತಿ ಹಿಡಿಯುತ್ತವೆ. ದಾಳಿ ಮಾಡುವ ಕೋಶಗಳು ಬಂದು ಅದನ್ನು ತಡವಿ ಶತ್ರುವಿನ ಗುರುತು ಕಲಿಯುತ್ತವೆ. ಆದರೆ ಗಡ್ಡೆಯ ಪ್ರೋಟೀನಿಗೆ ಸಕ್ಕರೆ ಅಂಟಿಕೊಂಡಿರುತ್ತದೆ. ಕಾವಲು ಕೋಶ ಅದನ್ನು ಕಿತ್ತು ತೋರಿಸುತ್ತದೋ, ಸಕ್ಕರೆ ಸಮೇತ ತೋರಿಸುತ್ತದೋ? ಲಸಿಕೆ ಮಾಡುವವರಿಗೆ ಇದು ಗೊತ್ತಾಗಲೇಬೇಕು. ಯಾರದೋ ಮುಖ ತೋರಿಸಿ ಕಳ್ಳನನ್ನು ಹಿಡಿ ಎಂದರೆ ಹಿಡಿಯುವವರು ಯಾರು?

ಒಂದೇ ಪ್ರಯೋಗವನ್ನು ಇಬ್ಬರು ಬೇರೆಬೇರೆಯಾಗಿ ಮಾಡಿದರು. ಒಬ್ಬಳು ಅವಳು, ಇನ್ನೊಬ್ಬ ಪಕ್ಕದ ಮೇಜಿನ ಕನ್ನಡಕದವನು, ಬೇರೆಡೆ ಹತ್ತು ವರ್ಷ ದುಡಿದು ಬಂದವನು. ಅವನ ತುಂಡುಗಳು ಬೋಳಾಗಿ ಬಂದವು. ಅವಳವು ಸಕ್ಕರೆ ಹೊತ್ತು ಬಂದವು. ಮೂರು ಸಲವೂ ಹಾಗೇ. ಕೋಶ ಸಕ್ಕರೆಯನ್ನು ಕಿತ್ತೇ ತೋರಿಸುತ್ತದೆ ಎಂಬುದು ಎಲ್ಲರ ಎಣಿಕೆಯಾಗಿದ್ದರಿಂದ ತಪ್ಪು ಅವಳದೇ ಎನ್ನಿಸಿತು.

ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರಮ್ಮ ಬೈಯಲಿಲ್ಲ. ಕಣ್ಣು ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತು ಎಂದು ಕೇಳಿದರು. ನಾಲ್ಕನೇ ಸಲವೂ ಹೀಗೇ ಆದರೆ ಆ ಮೇಜು ಕನ್ನಡಕದವನಿಗೆ, ಅವಳು ಕೆಳಗಿನ ಉಗ್ರಾಣಕ್ಕೆ ಎಂದರು. ಮೆತ್ತಗೆ ಹೇಳಿದ್ದೇ ಅವಳಿಗೆ ಹೆಚ್ಚು ಚುಚ್ಚಿತು.

ಅವಳು ಮೊದಲು ಅನುಮಾನಪಟ್ಟಿದ್ದು ಕನ್ನಡಕದವನನ್ನು. ತನ್ನ ಬಾಟಲಿಗಳಲ್ಲಿ ದ್ರವ ಎಲ್ಲಿಯವರೆಗಿದೆ ಎಂದು ಪೆನ್ನಿನಿಂದ ಸಣ್ಣ ಗೀಟು ಎಳೆದಿಟ್ಟಳು. ಮರುದಿನ ಪ್ರತಿ ಗೀಟಿನ ಪಕ್ಕದಲ್ಲೂ ಅವನ ದುಂಡು ಅಕ್ಷರ: ‘ನಾನೂ ನೋಡಿದೆ.’ ಆಮೇಲೆ ಅನುಮಾನ ಅವಳ ಮೇಲೇ ತಿರುಗಿತು. ಕಿಟಕಿಯ ಬೆಳಕಿಗೆ ಕೈ ಚಾಚಿ ನಡುಗುತ್ತದೆಯೇ ಎಂದು ನೋಡಿದಳು. ನಡುಗಲಿಲ್ಲ. ಬೇಕೆಂದೇ ನಡುಗುತ್ತಿಲ್ಲವೇನೋ ಎನ್ನಿಸಿತು.

ಶನಿವಾರ ಬೆಳಿಗ್ಗೆ ಒಲೆಯ ಮುಂದೆ ನಿಂತಿದ್ದಳು. ಗಡಿಯಾರ ರಿಪೇರಿ ಮಾಡುವ ಗಂಡ ಖಾಲಿ ಲೋಟ ಹಿಡಿದು ಕಾಯುತ್ತಿದ್ದ.

“ಡೇರಿಯವರು ಕಾಯಿಸಿದ್ದಾರೆ, ನೀನೂ ಒಂದ್ಸಲ ಕಾಯಿಸಿದ್ದೀಯ. ಈಗ ಮತ್ತೆ ಯಾಕೆ?”

“ಅವರು ಕಾಯಿಸಿದ್ದನ್ನ ನೀವು ನೋಡಿದ್ರಾ?”

“ಮದ್ವೆಗೆ ಮುಂಚೆ ನನ್ನನ್ನೂ ಹೀಗೇ ಎರಡು ಸಲ ಕಾಯಿಸಿ ನೋಡಬೇಕಿತ್ತು ನೀನು.”

ಅವಳು ನಗಲಿಲ್ಲ. ಹಾಲು ಉಕ್ಕಿ ಒಲೆ ಆರಿದರೂ ಹಾಗೇ ನಿಂತಿದ್ದಳು.

ಕೋಶಗಳಿಗೆ ಆಹಾರವಾಗಿ ಹಾಕುವ ಸೀರಂ, ಕರುವಿನ ರಕ್ತದಿಂದ ತೆಗೆದ ಆ ಹಳದಿ ನೀರು, ಕಾಯಿಸಿಯೇ ಬರುತ್ತದೆ ಎಂದು ಬಾಟಲಿಯ ಮೇಲೆ ಅಚ್ಚಾಗಿತ್ತು. ಅಚ್ಚನ್ನು ನಂಬುವವಳೇ ಅವಳು? ವರ್ಷಗಳಿಂದ ಎಲ್ಲರಿಗಿಂತ ಮುಂಚೆ ಬಂದು, ತನ್ನ ಪಾಲಿನ ಸೀರಂ ಅನ್ನು ಬಿಸಿನೀರಿನ ತೊಟ್ಟಿಯಲ್ಲಿ ಇನ್ನರ್ಧ ಗಂಟೆ ಇಡುತ್ತಿದ್ದಳು. ನಗುತ್ತಾರೆಂದು ಪುಸ್ತಕದಲ್ಲಿ ಬರೆದಿರಲಿಲ್ಲ. ಬರಬರುತ್ತಾ ಅದು ಚಪ್ಪಲಿ ಬಿಟ್ಟು ಒಳಗೆ ಬಂದಷ್ಟೇ ಸಹಜವಾಗಿ, ನೆನಪಿನಿಂದಲೂ ಜಾರಿತ್ತು. ಗಂಡ ಕೇಳಿದಾಗಲೇ ಅದು ಮತ್ತೆ ನೆನಪಾದದ್ದು.

ತಪ್ಪು ಮಾಡಿದವರನ್ನು ಡಾಕ್ಟರಮ್ಮ ಕ್ಷಮಿಸುತ್ತಿದ್ದರು. ಮಾಡಿದ್ದನ್ನು ಬರೆಯದೆ ಮುಚ್ಚಿಟ್ಟ ಒಬ್ಬನನ್ನು ಮಾತ್ರ ಅದೇ ದಿನ ಮನೆಗೆ ಕಳಿಸಿದ್ದರು. ಬಾಯಿ ಬಿಡದಿದ್ದರೆ ಅವಳಿಗೆ ಉಗ್ರಾಣವಾದರೂ ಉಳಿಯುತ್ತಿತ್ತು. ಬಿಟ್ಟರೆ ಅದೂ ಇಲ್ಲ.

ಆದರೂ ಅಂದೇ ಹೋಗಿ ಗಡ್ಡೆಯ ಪ್ರೋಟೀನು ಹಾಕಿದ ನಾಲ್ಕು ಕೊಳವೆ ಇಟ್ಟಳು. ಎರಡರಲ್ಲಿ ಬಾಟಲಿಯಿಂದ ಬಂದ ಹಾಗೇ ಸೀರಂ, ಎರಡರಲ್ಲಿ ತಾನು ಮತ್ತೆ ಕಾಯಿಸಿದ್ದು. ಪ್ರತಿ ಜೋಡಿಯಲ್ಲೂ ಒಂದಕ್ಕೆ ಕೋಶ ಹಾಕಿದಳು, ಒಂದಕ್ಕೆ ಹಾಕಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಿದ್ದಾಗಲೂ ಸಕ್ಕರೆ ಮಾಯವಾದರೆ ಮನೆಯವರನ್ನು ದೂರುವುದು ಹೇಗೆ?

ಬುಧವಾರ ಮೇಲಿನ ಮಹಡಿಯ ಯಂತ್ರ ಪ್ರೋಟೀನನ್ನೂ ತುಂಡುಗಳನ್ನೂ ತೂಗಿ ಹಾಳೆ ಉಗುಳಿತು. ಸಕ್ಕರೆ ಇದ್ದರೆ ತೂಕ ಹೆಚ್ಚು. ಬಾಟಲಿಯ ಸೀರಂ ಇದ್ದ ಕೊಳವೆಯಲ್ಲಿ, ಒಂದೂ ಕೋಶವಿಲ್ಲದೆ, ಸಕ್ಕರೆ ಕಳಚಿಹೋಗಿತ್ತು. ಕಿತ್ತದ್ದು ಸೀರಮ್ಮಿನಲ್ಲಿ ಒಂದು ಸಲದ ಕಾವಿಗೆ ಸಾಯದೆ ಉಳಿದಿದ್ದ ಏನೋ ಒಂದು. ಮತ್ತೆ ಕಾಯಿಸಿದ್ದರಲ್ಲಿ ಕಾವಲು ಕೋಶಗಳು ಪ್ರೋಟೀನನ್ನು ಕತ್ತರಿಸಿದ್ದವು, ಸಕ್ಕರೆಯನ್ನು ಮಾತ್ರ ಮುಟ್ಟಿರಲಿಲ್ಲ. ಹೊತ್ತಿದ್ದಂತೆಯೇ ಎತ್ತಿ ತೋರಿಸಿದ್ದವು.

ಹಾಳೆಯನ್ನು ಮುಂದಿಟ್ಟು ಎಲ್ಲವನ್ನೂ ಹೇಳಿದಳು. ಡಾಕ್ಟರಮ್ಮ ಎರಡು ಸಲ ಓದಿದರು.

“ಎಷ್ಟು ವರ್ಷದಿಂದ ಹೀಗೆ ಕಾಯಿಸ್ತಿದ್ದೀರಿ?”

“ಗೊತ್ತಿಲ್ಲಮ್ಮ. ಬರೆದಿದ್ರೆ ತಾನೇ.”

“ಅಂದ್ರೆ ನಿಮ್ಮ ಹಳೇ ಪುಸ್ತಕ ಒಂದನ್ನೂ ನಾನು ನಂಬೋ ಹಾಗಿಲ್ಲ.”

ಲೋಕವನ್ನೆಲ್ಲ ಅನುಮಾನಿಸಿದವಳಿಗೆ ಆ ಒಂದು ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು, ಉಗ್ರಾಣದ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿದಳು.

“ಉಗ್ರಾಣಕ್ಕೆ ಕಳಿಸಿದ್ರೆ ಅಲ್ಲೇನು ಕಾಯಿಸ್ತೀರೋ, ಯಾರಿಗೆ ಗೊತ್ತಾಗುತ್ತೆ?” ಎಂದರು ಡಾಕ್ಟರಮ್ಮ. ಮುಖದಲ್ಲಿ ನಗುವಿರಲಿಲ್ಲ. “ಇಲ್ಲೇ ಇರಿ, ಎಲ್ಲಾ ಮೊದಲಿಂದ ಮಾಡಿ. ನೀವು ಮಾಡೋದನ್ನ ಪಕ್ಕದಲ್ಲಿ ನಿಂತು ಅವನು ಬರೀಲಿ.”

ಮರುದಿನ ಬೆಳಿಗ್ಗೆ ಕನ್ನಡಕದವನು ಹೊಸ ಪುಸ್ತಕ ಹಿಡಿದು ಮೇಜಿನ ಪಕ್ಕ ನಿಂತ. ಅವಳು ಸೀರಂ ಬಾಟಲಿಯ ಮುಚ್ಚಳ ಬಿಗಿಮಾಡಿ, ತಿರುಗಿಸಿ ನೋಡಿ, ಮತ್ತೆ ತಿರುಗಿಸಿ ನೋಡಿ, ಮೂರನೇ ಸಲವೂ ತಿರುಗಿಸಿ ನೋಡಿದಳು.

“ಅಕ್ಕ, ಇದನ್ನೂ ಬರೀಬೇಕಾ?”

“ಬರಿ.”

“ಮೂರು ಸಲ ಅಂತ?”

ಅವಳು ಬಾಟಲಿಯನ್ನು ಬಿಸಿನೀರಿನ ತೊಟ್ಟಿಗೆ ಇಳಿಸಿದಳು.

“ಮೂರು ಅಂತಲೇ ಬರಿ. ಬರೆದ ಮೇಲೆ ಇಲ್ಲಿ ಕೊಡು, ನೋಡ್ತೀನಿ.”