ಜಗಲಿಯ ಮೇಲಿನ ಹುದ್ದೆ-ಸಂಬಳದ ಹಲಗೆ

ಕಚೇರಿಯ ಪತ್ರಗಳನ್ನಲ್ಲದೆ ಬೇರೇನನ್ನೂ ಬರೆದು ರೂಢಿಯಿಲ್ಲದ ನಾನು, ನನ್ನ ಮದುವೆ ನಿಶ್ಚಯವಾದ ಬಗೆಯನ್ನು ಓದುಗರ ಅವಗಾಹನೆಗೆ ಸಾದರಪಡಿಸುತ್ತಿದ್ದೇನೆ. ಲೋಪಗಳು ಕಂಡುಬಂದಲ್ಲಿ ಮನ್ನಿಸಬೇಕಾಗಿ ಪ್ರಾರ್ಥನೆ.

ಐವತ್ತರ ದಶಕದಲ್ಲಿ, ಗುಂಡ್ಲುಪೇಟೆಯವನಾದ ನಾನು ಚಾಮರಾಜನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಕಿರಿಯ ಗುಮಾಸ್ತನಾಗಿದ್ದೆ. ಅರ್ಜಿ ಹಿಡಿದು ಬರುವ ಹಳ್ಳಿಯವರು ಬಾಗಿಲು ಕಾಯುವ, ಬಿಲ್ಲೆ ಧರಿಸಿದ ದಫೇದಾರರನ್ನೇ ದೊಡ್ಡ ಸಾಹೇಬರೆಂದು ತಿಳಿದು ಕೈಮುಗಿಯುತ್ತಿದ್ದರು; ದಫೇದಾರರೂ ಆ ನಮಸ್ಕಾರವನ್ನು ಗಂಭೀರವಾಗಿ ಸ್ವೀಕರಿಸುತ್ತಿದ್ದರು. ಈ ಗೊಂದಲದ ನಿವಾರಣೆಗಾಗಿ, ಪ್ರತಿಯೊಂದು ಹುದ್ದೆ, ಅದರ ಕೆಲಸ ಹಾಗೂ ಸಂಬಳದ ಶ್ರೇಣಿಯನ್ನು ಸಾರ್ವಜನಿಕರಿಗೆ ಕಾಣುವಂತೆ ಜಗಲಿಯ ಹಲಗೆಯ ಮೇಲೆ ಬರೆಯತಕ್ಕದ್ದೆಂದು ಕಚೇರಿಯ ಮುಖ್ಯಸ್ಥರಾದ ಅಮಲ್ದಾರರು ಆಜ್ಞೆ ಮಾಡಿದರು. ಅಕ್ಷರ ದುಂಡಗಿದ್ದ ಕಾರಣ ಸದರಿ ಕೆಲಸ ನನ್ನ ಪಾಲಿಗೆ ಬಂದಿತು.

ಇದೇ ವೇಳೆಗೆ ನನ್ನ ಅಕ್ಕ ಹಂಗಳದ ಬೇಸಾಯಗಾರರೊಬ್ಬರ ಮನೆಯಲ್ಲಿ ನನಗೆ ಹೆಣ್ಣು ಕೇಳಿ ಬಂದಿದ್ದಳು. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳು. ನನ್ನ ವಿಷಯದಲ್ಲಿ ಅವಳ ಮಾತಿಗೆ ಅಳತೆಯಿರಲಿಲ್ಲ. "ನನ್ ತಮ್ಮ ತಲೆ ಆಡಿಸ್ದೆ ಅಮಲ್ದಾರ್ರು ರುಜು ಆಕಕಿಲ್ಲ" ಎಂದು ಹೇಳಿ ಬಂದಿದ್ದಳು. ಆ ಹುಡುಗಿಯನ್ನು ನಾನು ಗುಂಡ್ಲುಪೇಟೆಯ ಸಂತೆಯಲ್ಲಿ ಒಮ್ಮೆ ದೂರದಿಂದ ಕಂಡಿದ್ದೆ. ಬಳಿಕ ಬೇರೆ ಸಂಬಂಧದ ಯೋಚನೆಯೇ ನನಗೆ ಬಂದಿರಲಿಲ್ಲ. ಹಂಗಳದಿಂದ ಮಾತ್ರ ಉತ್ತರವಿರಲಿಲ್ಲ.

ಹಲಗೆಯ ಕೆಲಸ ಮುಗಿಯುತ್ತ ಬಂದಿದ್ದಾಗ, ಹೆಗಲಿಗೆ ಕಂಬಳಿ ಹಾಕಿದ ಹಿರಿಯರೊಬ್ಬರು ಬಂದು ನನ್ನ ಸ್ಟೂಲಿನ ಬಳಿ ನಿಂತರು.

"ಏನಪ್ಪ ಬಣ್ಣದೋನೇ, ಇದ್ರಲ್ಲಿ ಅಮಲ್ದಾರ್ರ ಕೆಳಗ್ಲೋರು ಯಾರು?"

"ಶಿರಸ್ತೇದಾರ್ರು."

"ಗುಂಡ್ಲುಪೇಟೆ ಹುಡ್ಗನಾ?"

"ಅವ್ರಿಗೆ ಮೊಮ್ಮಕ್ಕಳಿದಾರೆ."

"ಮತ್ತೆ ಗುಂಡ್ಲುಪೇಟೆ ಹುಡ್ಗ ಯಾವ ಸಾಲಲ್ಲವ್ನೆ? ನನ್ ಮಗಳ್ನ ಕೇಳವ್ರೆ. ಹಂಗಳದಿಂದ ಬಂದಿವ್ನಿ."

ಕುಂಚವನ್ನು ಬಣ್ಣದ ಡಬ್ಬಿಯಲ್ಲಿಟ್ಟೆ. ಕೆಳಭಾಗದ ಸಾಲೊಂದನ್ನು ತೋರಿಸಿ, ಬರೆದದ್ದನ್ನು ಬರೆದಂತೆಯೇ ಓದಿದೆ: "ಕಿರಿಯ ಗುಮಾಸ್ತ. ಬಂದ ಕಾಗದಗಳನ್ನು ದಾಖಲು ಮಾಡಿ ಸಂಬಂಧಪಟ್ಟವರಿಗೆ ತಲುಪಿಸುವುದು. ಸಂಬಳ ನಲವತ್ತು ರೂಪಾಯಿಯಿಂದ ಆರಂಭ."

"ಅಷ್ಟೇಯಾ?"

"ಅಷ್ಟೇ."

ಸಂಬಂಧ ತಪ್ಪಿತೆಂದೇ ಭಾವಿಸಿದೆ. ಹಿರಿಯರು ಮೆಟ್ಟಿಲ ಮೇಲೆ ಕುಳಿತು ನಗತೊಡಗಿದರು.

"ಅಯ್ಯೋ ಬುಡು! ಅಮಲ್ದಾರ್ರನ್ನೇ ಆಡಿಸೋ ಅಳಿಯ ನಮ್ಮನೇಲಿ ಮುದ್ದೆ ಉಣ್ತಾನಾ, ಚಾಪೆ ಮ್ಯಾಲೆ ಕುಂತ್ಕತಾನಾ ಅಂತ ಮನೆ ಮಂದಿಗೆಲ್ಲ ದಿಗಿಲಾಗೋಗಿತ್ತು. ಬ್ಯಾಡ ಅನ್ನಕ್ಕೇ ಬಂದಿದ್ದೆ ಕಣ. ಇವ್ನು ನಮ್ ಕೈಗೆ ಎಟುಕ್ತಾನೆ!"

ಹಲಗೆಯಲ್ಲಿ ತಮಗೆ ದೊರೆತ ಕೊನೆಯ ಸ್ಥಾನದಿಂದ ಬೆಳಗಿನಿಂದಲೂ ಮುನಿಸಿಕೊಂಡಿದ್ದ ದಫೇದಾರರು ಬಾಗಿಲಿನಿಂದಲೇ ಕೂಗಿದರು: "ಆ ಹುಡ್ಗ ಇವ್ನೇ ಕಣಯ್ಯ, ಸ್ಟೂಲ್ ಮ್ಯಾಲಿರೋನು!"

ಹಿರಿಯರು ಎದ್ದು ಬಂದು, ಬಣ್ಣ ಸಿಡಿದಿದ್ದ ನನ್ನ ಮುಖವನ್ನು ನೋಡಿ ಹೇಳಿದರು: "ಸುಕ್ರವಾರ ಎಣ್ಣು ನೋಡಕ್ಕೆ ಬನ್ನಿ. ನಿಮ್ಮಕ್ಕನ್ನೂ ಕರ್ಕಂಡ್ ಬಾ. ಆದ್ರೆ ಮಾತು ನೀನೇ ಆಡಪ್ಪ."

ನಮ್ಮ ಕಡೆ ಮಾತು ಕುದುರುವ ಮೊದಲು ಹೆಣ್ಣಿನ ಮನೆಯಲ್ಲಿ ಉಣ್ಣುವ ಪದ್ಧತಿಯಿರಲಿಲ್ಲ. ಆದರೂ ಶುಕ್ರವಾರ ಹಂಗಳದಲ್ಲಿ ಚಾಪೆಯ ಮೇಲೆ ಕುಳಿತ ನಾನು, ಆಡಬೇಕೆಂದು ಸಿದ್ಧಪಡಿಸಿಕೊಂಡಿದ್ದ ಮಾತುಗಳೆಲ್ಲ ಮರೆತುಹೋಗಿ, "ಮುದ್ದೆ ಇದ್ರೆ ಉಣ್ತೀನಿ" ಎಂದುಬಿಟ್ಟೆ. ಅಕ್ಕ ತೊಡೆ ಚಿವುಟಿದಳು.

ಹಿರಿಯರು ಒಳಗಿದ್ದ ಮಗಳತ್ತ ತಿರುಗಿ ಹೇಳಿದರು: "ಮಾತುಕತೆ ಮುಗೀತು. ಮುದ್ದೆ ಇಕ್ಕು ಬಾ ಅಮ್ಮಿ."