ಕಾವಲುಗಾರರು ಮಲಗಿರಲಿಲ್ಲ

ಷಿಕಾಗೋದಲ್ಲಿ ಚರಿತ್ರೆ ಓದಿದ ನಮ್ಮಂಥ ಕೆಲವು ಕನ್ನಡಿಗರ ಡಾಕ್ಟರೇಟುಗಳ ಹಿಂದೆ ಶ್ರೀಮತಿ ಕೌಸಲ್ಯಾ ಅವರ ಬೆರಳುಗಳ ದುಡಿಮೆಯಿದೆ. ಮೊದಲು ನಮ್ಮ ವಿಭಾಗದ ಟೈಪಿಸ್ಟರಾಗಿ, ಆಮೇಲೆ ಗ್ರಂಥಾಲಯದಲ್ಲಿ ದುಡಿದು, ಈ ೧೯೭೯ರ ಜೂನ್‌ನಲ್ಲಿ ನಿವೃತ್ತರಾಗುತ್ತಿರುವ ಅವರನ್ನು ಅಭಿನಂದಿಸುವ ಹಕ್ಕು ನನಗೆ ಎಲ್ಲರಿಗಿಂತ ಕಡಿಮೆ. ಅವರು ವಿಭಾಗದಿಂದ ಹೊರಬಿದ್ದದ್ದು ನನ್ನಿಂದ.

೧೯೬೯ರಲ್ಲಿ ನನ್ನ ಮಹಾಪ್ರಬಂಧದ ವಿಷಯ, ಎರಡನೆಯ ಮಹಾಯುದ್ಧದಲ್ಲಿ ತಟಸ್ಥವಾಗಿ ಉಳಿದ ಐರ್ಲೆಂಡಿನ ಕಡಲ ರಕ್ಷಣೆ. ಯುದ್ಧ ಶುರುವಾದಾಗ ಆ ಪುಟ್ಟ ದೇಶಕ್ಕೆ ನೌಕಾಪಡೆಯೆಂಬುದೇ ಇರಲಿಲ್ಲ. ಮೀನುಗಾರಿಕೆ ಕಾಯುತ್ತಿದ್ದ ಹಳೆಯ ಹಡಗುಗಳು, ಆಮೇಲೆ ಕೊಂಡ ಕೆಲವು ಟಾರ್ಪಿಡೊ ದೋಣಿಗಳು, ತೀರದುದ್ದಕ್ಕೂ ಕಾಂಕ್ರೀಟಿನ ಕಾವಲು ಗೂಡುಗಳು. ಗೂಡಿನಲ್ಲಿ ಇಬ್ಬರು, ಒಂದು ದುರ್ಬೀನು, ಒಂದು ಫೋನು. ಅಂಥ ಒಂದು ಗೂಡಿನ ಕೆಳಗೆ ತೇಲಿಬಂದ ಮೈನ್ ಎಂಬ ಕಡಲ ಬಾಂಬು ಸಿಡಿದು ಮೂವರು ಮೀನುಗಾರರು ಸತ್ತಿದ್ದರು. ಕಾವಲುಗಾರರು ಮಲಗಿದ್ದರೆಂದು ನಾನು ಬರೆದೆ.

ಕೌಸಲ್ಯಾ ಅವರು ನಾನು ಅನುಬಂಧಕ್ಕೆಂದು ಕೊಟ್ಟಿದ್ದ ಕಾವಲುಗಾರನ ದಿನಚರಿಯನ್ನು ಟೈಪ್ ಮಾಡುತ್ತಲೇ ಓದಿದ್ದರು. "ಜಯಸಿಂಹ ಅವರೇ, ಇಲ್ನೋಡಿ. ಮೂರು ಸಲ ಫೋನ್ ಮಾಡಿದ್ದಾರೆ, ಲೈನ್ ಕೆಟ್ಟಿತ್ತು ಅಂತ ಬರ್ದಿದೆ. ಮಲಗಿದ್ರು ಅಂತ ಹೇಗೆ ಹೇಳ್ತೀರಾ?"

"ನೀವು ಟೈಪ್ ಮಾಡಿ, ಸಾಕು" ಎಂದೆ.

ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರೂ ಅದನ್ನೇ ಕೇಳಿದರು. ನನ್ನ ಕೈಬರಹದಲ್ಲಿ ಸರಿಯಾಗಿಯೇ ಇತ್ತು, ಟೈಪಿಸ್ಟ್ ಕೆಡಿಸಿದ್ದಾರೆ ಎಂದುಬಿಟ್ಟೆ. ನಾಲಿಗೆ ಒಂದಿಷ್ಟೂ ತೊದಲಲಿಲ್ಲ. ತಿದ್ದುಪಡಿಯೊಂದಿಗೆ ನನಗೆ ಪದವಿ ಬಂತು. ಮರುವಾರವೇ ಅವರ ಕೆಲಸ ಹೋಯಿತು. ಎಂಟು ತಿಂಗಳ ನಂತರ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಕೆಲಸ ಸಿಕ್ಕಿತಂತೆ. ನನ್ನ ಕೈಬರಹದ ಹಾಳೆಗಳು ಅವರ ಬಳಿಯೇ ಇದ್ದವು. ಯಾರಿಗೂ ತೋರಿಸಲಿಲ್ಲ. ಆ ಚಳಿಗಾಲ ನನ್ನ ಹೆಂಡತಿ ವತ್ಸಲಾ ಹೆತ್ತಾಗ, ಕೌಸಲ್ಯಾ ಅವರೇ ಹಿಮದಲ್ಲಿ ಎರಡು ಬಸ್ ಬದಲಾಯಿಸಿ ಬಾಣಂತಿಗೆ ಮೆಣಸಿನ ಸಾರು ತಂದರು. ನಾನು ನೆಲ ನೋಡುತ್ತ ಪಾತ್ರೆ ಇಸಿದುಕೊಂಡೆ.

ಮುಂದೆ ಡಿಯರ್‌ಬಾರ್ನ್ ಬಳಿ ಅಧ್ಯಾಪಕನಾದೆ. ನನಗೂ ಅವರಿಗೂ ನಡುವೆ ಮುನ್ನೂರು ಮೈಲಿ ಇದೆಯೆಂಬುದೇ ನೆಮ್ಮದಿಯಾಗಿತ್ತು.

ಅವರ ಈ ಅಭಿನಂದನ ಸಂಪುಟಕ್ಕೆ ಲೇಖನ ಕೇಳಿದಾಗ ಷಿಕಾಗೋಗೆ ಡ್ರೈವ್ ಮಾಡಿಕೊಂಡು ಹೋಗಿ, ಡೆವನ್ ಅವೆನ್ಯೂ ಹತ್ತಿರದ ಅವರ ಮನೆಯಲ್ಲಿ ಕುಳಿತು ಎಲ್ಲವನ್ನೂ ಒಪ್ಪಿಕೊಂಡೆ. ಯಾಕೆ ಸುಮ್ಮನಿದ್ದಿರಿ ಎಂದೆ.

"ವತ್ಸಲಾ ಬಸುರಿ. ನಿಮ್ಮ ವೀಸಾ ಆ ಡಿಗ್ರಿ ಮೇಲೆ ನಿಂತಿತ್ತು. ಕೋಪ ಬರ್ಲಿಲ್ಲ ಅಂತ ತಿಳ್ಕೋಬೇಡಿ. ತುಂಬಾ ಬಂತು."

"ಇದನ್ನ ಬರೀಲಾ?"

"ಬರೀರಿ. ಅಮ್ಮ ಕೆಲಸ ಕೆಡಿಸಿದಳು ಅಂತಲೇ ನಮ್ಮ ಮಗಳು ಲೀನಾ ಇವತ್ತಿಗೂ ನಂಬಿದಾಳೆ. ಅವಳಿಗೆ ಕನ್ನಡ ಓದೋಕೆ ಬರಲ್ಲ. ನೀವೇ ಓದಿ ಹೇಳಿ."

ಕಳೆದ ಭಾನುವಾರ ಇಷ್ಟನ್ನೂ ಲೀನಾಳೆದುರು ಓದಿ, ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ನನ್ನ ಕಡೆ ನೋಡಲಿಲ್ಲ. ಎದ್ದು ಹೋಗಿ ತಾಯಿಯ ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತು, "ಸಾರಿ, ಅಮ್ಮ" ಎಂದಳು. ಆ ಮಾತು ನಾನು ಹತ್ತು ವರ್ಷಗಳ ಹಿಂದೆಯೇ ಆಡಬೇಕಾಗಿದ್ದುದು.

ಕೌಸಲ್ಯಾ ಅವರು ಆರೋಗ್ಯದಿಂದ ನೂರು ಕಾಲ ಬಾಳಲಿ. ನಮ್ಮ ಮಕ್ಕಳ ಬರಹಗಳಲ್ಲೂ ತಪ್ಪು ಹುಡುಕಿ ಹೇಳಲಿ. ಕೇಳಿಸಿಕೊಳ್ಳುವಷ್ಟು ಬುದ್ಧಿ ಆ ಮಕ್ಕಳಿಗಿರಲಿ.