ಸಮುದ್ರದೂರಿನ ಪೆಂಟ್‌ಹೌಸಿನ ಬಾಗಿಲು

ನನ್ನ ಗಂಡನಿಗೆ ಗ್ಲಾಕೋಮಾ, ಕಣ್ಣು ಮೆಲ್ಲಗೆ ಕತ್ತಲಾಗುವ ಕಾಯಿಲೆ. ಹೋದ ವರ್ಷ ಅವರ ಡ್ರೈವಿಂಗ್ ಲೈಸೆನ್ಸು ಹೋಯಿತು. ಕ್ಯಾಲಿಫೋರ್ನಿಯಾದ ಗಿಲ್‌ರಾಯ್‌ನಲ್ಲಿ ಮನೆ ಮಾಡಿಕೊಂಡವರಿಗೆ ಲೈಸೆನ್ಸು ಹೋದರೆ ಕಾಲೇ ಹೋದ ಹಾಗೆ, ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೂ ಕಾರು ಬೇಕು. ಬೆಳಿಗ್ಗೆ ಐದೂವರೆಗೆ ನಾನು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿಗೆ ಹೊರಟರೆ ಸಂಜೆ ವಾಪಸ್ ಬರುವವರೆಗೂ ಅವರು ಸೋಫಾದ ಅದೇ ಮೂಲೆಯಲ್ಲಿ. ಮೂವತ್ತು ವರ್ಷ ಫ್ರೀವೇ ಮೇಲೆ ಕಂಡಕಂಡವರನ್ನೆಲ್ಲ ಬೈದುಕೊಂಡು ಓಡಿಸಿದ ಮನುಷ್ಯ, ಈಗ ಟೀವಿಯನ್ನೂ ಬೈಯುತ್ತಿರಲಿಲ್ಲ.

ಆ ಮೂಲೆಯಲ್ಲಿ ಕೂತೇ ಅವರು ಪೆಂಟ್‌ಹೌಸ್ ಹುಡುಕಿದ್ದು. ಸ್ಪೇನಿನಲ್ಲಿ, ಮೆಡಿಟರೇನಿಯನ್ ದಡದ ಒಂದು ಸಣ್ಣ ಊರು. ಹೊಸ ಕಟ್ಟಡದ ತುದಿಯ ಐದನೇ ಮಹಡಿ, ಮೂರು ಕಡೆ ಟೆರೇಸು, ಅಡುಗೆಮನೆಗೆ ಬಿಳಿ ಅಮೃತಶಿಲೆ. ಆದರೆ ಆ ಐಷಾರಾಮ ಅವರಿಗೆ ಬೇಕಿರಲಿಲ್ಲ. ಲಿಫ್ಟಿನಲ್ಲಿ ಇಳಿದರೆ ಬ್ರೆಡ್ಡಿನ ಅಂಗಡಿ, ಪಕ್ಕದಲ್ಲೇ ಔಷಧಿ ಅಂಗಡಿ, ಎದುರಿಗೆ ಆಸ್ಪತ್ರೆ, ರಸ್ತೆ ದಾಟಿದರೆ ಸಮುದ್ರ. ಎಲ್ಲಾ ನಡಿಗೆಯಲ್ಲೇ.

"ಈ ಮನೆ ಮಾರಿದ್ರೆ ಅದು ಬರುತ್ತೆ ಕಣೇ," ಅಂದರು. "ಪೂರ್ತಿ ಕತ್ತಲಾಗೋಕೆ ಮುಂಚೆ ಅಲ್ಲಿನ ದಾರಿ ಕಾಲಿಗೆ ಅಭ್ಯಾಸ ಆಗ್ಬೇಕು."

ಮಗಳು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಬ್ಬಳೇ ಇದ್ದಾಳೆ ಅಂದೆ. ಅವಳಿಗೇ ನಮ್ಮನ್ನು ನೋಡಿಕೊಂಡು ಹೋಗಲು ಪುರುಸೊತ್ತಿಲ್ಲ ಅಂದರು. ನನ್ನ ಕೆಲಸ ಅಂದೆ. ಇನ್ನು ಎಷ್ಟು ವರ್ಷ ದುಡಿಯುತ್ತೀಯ ಅಂದರು. ನಿಜವಾದ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಅಲ್ಲಿ ಅವರಿಗೆ ಕಣ್ಣಿರುವುದಿಲ್ಲ, ನನಗೆ ಭಾಷೆಯಿರುವುದಿಲ್ಲ. ಅರ್ಧ ರಾತ್ರಿಯಲ್ಲಿ ಅವರಿಗೆ ಎದೆನೋವು ಬಂದರೆ ನಾನು ಯಾವ ಬಾಗಿಲು ತಟ್ಟಲಿ, ಏನಂತ ಕೂಗಲಿ? ಹೆದರಿಕೆ ಅಂತ ಒಪ್ಪಿಕೊಳ್ಳುವುದಕ್ಕೂ ನನಗೆ ಸೊಕ್ಕು. ಇಡೀ ಲ್ಯಾಬನ್ನೇ ಹದ್ದುಬಸ್ತಿನಲ್ಲಿಟ್ಟಿರುವವಳು ನಾನು, ಒಂದು ಊರಿಗೆ ಹೆದರುತ್ತೇನೆ ಅಂದರೆ ಯಾರು ನಂಬುತ್ತಾರೆ!

ಅವರಿಗೆ ವಾಸ್ತು ಒಂದು ದೊಡ್ಡ ಹುಚ್ಚು. ದೇವರಿಗೆ ಕೈಮುಗಿಯದ ಎಂಜಿನಿಯರ್, ದಕ್ಷಿಣದ ಬಾಗಿಲು ಅಂದರೆ ಮಾತ್ರ ಜಪ್ಪಯ್ಯ ಅಂದರೂ ಒಳಗೆ ಕಾಲಿಡುವುದಿಲ್ಲ. ಗಿಲ್‌ರಾಯ್‌ನ ಈ ಮನೆ ಸಿಗುವ ಮುಂಚೆ ಹನ್ನೊಂದು ಮನೆ ಹಾಗೇ ಬಿಟ್ಟಿದ್ದೆವು. ಆಗೆಲ್ಲ ದಿಕ್ಸೂಚಿ ಹಿಡಿದು ಹೊಸಿಲ ಮೇಲೆ ನಿಲ್ಲುತ್ತಿದ್ದವರು ಅವರು, ನಾಚಿಕೆಯಿಂದ ಕಾರಿನಲ್ಲಿ ಕೂರುತ್ತಿದ್ದವಳು ನಾನು.

ಒಂದು ಶನಿವಾರ ಬೆಳಿಗ್ಗೆ ಅಲ್ಲಿನ ಏಜೆಂಟ್ ಹೆಂಗಸು ವಿಡಿಯೋ ಕಾಲಿನಲ್ಲಿ ಮನೆ ತೋರಿಸಿದಳು. ನಾನು ಅದನ್ನು ಟೀವಿಗೆ ಹಾಕಿದ್ದೆ. ಇವರು ಪರದೆಗೆ ಮೂಗು ತಾಗಿಸಿ ನಿಂತು ಸಮುದ್ರದ ನೀಲಿಯನ್ನು ಹುಡುಕಿದರು. ಸಿಕ್ಕಿತು ಅಂತ ಕಾಣುತ್ತೆ, ಮುಖ ಅರಳಿತು. ಎಷ್ಟೋ ತಿಂಗಳ ಮೇಲೆ ಆ ಮುಖ ನೋಡಿದ್ದೆ. ಕೊನೆಗೆ ಬಾಗಿಲಿನ ವಿಷಯ ಎತ್ತಿದರು. ಪಾಪ ಆ ಹೆಂಗಸು ನಗದೆ, ಹೊಸಿಲಲ್ಲಿ ಹೊರಮುಖವಾಗಿ ನಿಂತು ತನ್ನ ಇನ್ನೊಂದು ಫೋನಿನ ದಿಕ್ಸೂಚಿಯ ಫೋಟೋ ತೆಗೆದು ಕಳಿಸಿದಳು. ಕಾಲ್ ಮುಗಿಯಿತು.

ಫೋಟೋ ಇವರ ಫೋನಿಗೆ ಬಂತು. ಹತ್ತಿರ ಹಿಡಿದರು, ದೂರ ಹಿಡಿದರು, ಕಿಟಕಿಯ ಬೆಳಕಿಗೆ ತಿರುಗಿಸಿದರು. ಅಂಕಿ ಕಾಣಲಿಲ್ಲ. ನನ್ನ ಕೈಗೆ ಕೊಟ್ಟರು.

"ಎಷ್ಟು ತೋರಿಸ್ತಿದೆ ನೋಡು."

ತೊಂಬತ್ತು ಡಿಗ್ರಿ ತೋರಿಸುತ್ತಿತ್ತು. ಸರಿಯಾಗಿ ಪೂರ್ವ. ಅವರು ಜನ್ಮವೆಲ್ಲ ಹುಡುಕಿದ ಬಾಗಿಲು.

"ನೂರ ಎಂಬತ್ತು ರೀ," ಅಂದೆ. "ದಕ್ಷಿಣ."

ಮೊದಲೇ ಯೋಚಿಸಿಟ್ಟುಕೊಂಡ ಮಾತಲ್ಲ ಅದು. ಬಾಯಿಂದ ಬಿತ್ತು, ಬಿದ್ದಮೇಲೆ ಎತ್ತಿಕೊಳ್ಳಲಿಲ್ಲ. ಅವರು ಕೈ ಚಾಚಿ, ತಡಕಿ, ನನ್ನ ಭುಜ ಮುಟ್ಟಿದರು.

"ಸದ್ಯ, ನೀನು ನೋಡಿದೆಯಲ್ಲ. ಇಲ್ದಿದ್ರೆ ತಗೊಂಡುಬಿಡ್ತಿದ್ದೆ."

ಅವರು ಬೇರೆ ಮನೆ ಹುಡುಕಲಿಲ್ಲ. ಮತ್ತೆ ಸೋಫಾದ ಮೂಲೆ. ನಾನು ಆ ಫೋಟೋ ಅಳಿಸಿಹಾಕಿದೆ, ಕಳ್ಳಿ. ಗಂಡನ ಕಣ್ಣು ಹೋಗಿದ್ದನ್ನೇ ಅನುಕೂಲ ಮಾಡಿಕೊಂಡವಳಿಗೆ ಬೇರೆ ಹೆಸರಿದೆಯೇ? ಹೇಳಿಬಿಡಬೇಕು ಅಂತ ದಿನಾ ಅಂದುಕೊಳ್ಳುತ್ತೇನೆ. ಹೇಳಿದರೆ ಹೊರಡಬೇಕಾಗುತ್ತದೆ. ಅದಕ್ಕಿಂತ ದೊಡ್ಡ ಭಯ, ಆಮೇಲೆ ನಾನು ಏನು ಓದಿ ಹೇಳಿದರೂ ಅವರು ನಂಬುವುದಿಲ್ಲ ಅನ್ನುವುದು. ಲ್ಯಾಬಿನಲ್ಲಿ ಊಟದ ಹೊತ್ತಿಗೆ ಆ ಜಾಹೀರಾತು ತೆಗೆದು ನೋಡುತ್ತೇನೆ. ಯಾರಾದರೂ ಕೊಂಡುಕೊಳ್ಳಿ ಮಾರಾಯರೇ, ನಾನು ನಿಜ ಹೇಳುವ ಅಗತ್ಯವೇ ಇಲ್ಲದಂತಾಗಲಿ ಅಂತ ಬೇಡಿಕೊಳ್ಳುತ್ತೇನೆ. ಇವತ್ತಿಗೂ ಅದು ಮಾರಾಟವಾಗಿಲ್ಲ.

ಹೋದ ವಾರ ಡಾಕ್ಟರು ಕಣ್ಣಿಗೆ ಹೊಸ ಡ್ರಾಪ್ಸ್ ಕೊಟ್ಟರು. ಎರಡು ಬಾಟಲಿ, ಒಂದೇ ಅಳತೆ, ಒಂದು ಬೆಳಿಗ್ಗೆಗೆ, ಇನ್ನೊಂದು ರಾತ್ರಿಗೆ. ಇವತ್ತು ನಾನು ಕಾರಿನ ಕೀ ತೆಗೆದುಕೊಳ್ಳುವಾಗ ಎರಡನ್ನೂ ಮುಂದೆ ಹಿಡಿದು, ಬೆಳಗಿನದು ಯಾವುದು ಅಂತ ಕೇಳಿದರು. ನಾನು ಲೇಬಲ್ ಓದಿದೆ. ಇನ್ನೊಂದು ಸಲ ಓದಿದೆ. ಇದು ಅಂತ ಒಂದನ್ನು ಅವರ ಬೆರಳಿಗೆ ಸಿಗಿಸಿದೆ. ಅವರು ತಲೆ ಹಿಂದಕ್ಕೆ ವಾಲಿಸಿ, ಕಣ್ಣು ಅಗಲಿಸಿದರು.